ಅಮೆರಿಕದ ಪಿಚರ್‌ಗೆ ನಾನು ಜಪಾನೀಸ್ ಕಲಿಸಿದ್ದು

ನನಗೆ ಆಗ ಬೇಸ್‌ಬಾಲ್ ಗೊತ್ತಿರಲಿಲ್ಲ. ಜಪಾನೀಸ್ ಚೆನ್ನಾಗಿ ಗೊತ್ತಿತ್ತು. ಆ ಬೇಸಿಗೆಯ ಕೆಲಸಕ್ಕೆ ಅಷ್ಟು ಸಾಕು ಅಂದುಕೊಂಡು ಧೈರ್ಯವಾಗಿ ಒಪ್ಪಿಕೊಂಡೆ. ಸಾಕೂ ಆಯಿತು.

ಬೆಂಗಳೂರಿನಲ್ಲಿ ಡಿಗ್ರಿ ಓದುವಾಗಲೇ ಸಂಜೆ ತರಗತಿಗಳಲ್ಲಿ ಜಪಾನೀಸ್ ಕಲಿತು, ಬಿಡದಿ ಕಡೆಯ ಒಂದು ಜಪಾನಿ ಕಾರ್ಖಾನೆಯಲ್ಲಿ ಬಹಳ ವರ್ಷ ದುಭಾಷಿಯಾಗಿದ್ದೆ. ಇಬ್ಬರು ಎಂಜಿನಿಯರ್‌ಗಳು ಜಗಳವಾಡುವಾಗ ನಡುವೆ ನಿಂತು, ಮುಖದ ಮೇಲೆ ಏನೂ ತೋರಿಸದೆ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ತಲುಪಿಸುವುದು ನನಗೆ ರೂಢಿಯಾಗಿತ್ತು. ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿದ ಮೇಲೆ ಆ ವಿದ್ಯೆಯನ್ನು ಕೇಳುವವರೇ ಇರಲಿಲ್ಲ. ಫೋರ್ಟಿಟ್ಯೂಡ್ ವ್ಯಾಲಿಯ ಒಂದು ವಿಮಾ ಕಚೇರಿಯಲ್ಲಿ ಕೂತು, ಆಲಿಕಲ್ಲು ಬಿದ್ದು ಕಾರಿನ ಗಾಜು ಒಡೆದವರ ಫೋನ್ ಎತ್ತುತ್ತಿದ್ದೆ.

ಪಕ್ಕದ ಮೇಜಿನ ಸಹೋದ್ಯೋಗಿ ವಾರಾಂತ್ಯದಲ್ಲಿ ಊರಿನ ಬೇಸ್‌ಬಾಲ್ ತಂಡದ ಕಚೇರಿ ಕೆಲಸ ನೋಡಿಕೊಳ್ಳುತ್ತಿದ್ದಳು. ಇಲ್ಲಿಯ ಬೇಸಿಗೆ ಜಪಾನಿನ ಚಳಿಗಾಲ. ಅಲ್ಲಿ ಆಟ ನಿಂತಿರುವ ಆ ತಿಂಗಳುಗಳಲ್ಲಿ ಒಂದು ಜಪಾನಿ ಕ್ಲಬ್ ತನ್ನ ಕೆಲವು ಆಟಗಾರರನ್ನು ಒಬ್ಬ ಕೋಚ್ ಜೊತೆಗೆ ನಮ್ಮೂರ ತಂಡಕ್ಕೆ ಕಳಿಸುತ್ತಿತ್ತು. ಆ ವರ್ಷ ಅವರ ದುಭಾಷಿಗೆ ಬರಲಾಗಲಿಲ್ಲ. "ನಿನಗೆ ಜಪಾನೀಸ್ ಬರುತ್ತಲ್ಲವಾ?" ಎಂದು ಆಕೆ ಕೇಳಿದಳು. ಕೂಡಿಟ್ಟಿದ್ದ ರಜೆಯನ್ನೆಲ್ಲ ಹಾಕಿ ಹೊರಟೆ.

ಕೋಚ್‌ಗೆ ಅರವತ್ತರ ಆಸುಪಾಸು. ಗಿಡ್ಡ ಆಳು, ಕಡಿಮೆ ಮಾತು. ಹರೆಯದಲ್ಲಿ ಅವರು ಪಿಚರ್ ಆಗಿದ್ದವರೇ, ಇಲ್ಲಿ ತಂಡದ ಪಿಚರ್‌ಗಳೆಲ್ಲ ಅವರ ಕೈಕೆಳಗೆ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನನ್ನು ಪಿಚರ್ ಅನ್ನುತ್ತಾರೆ. ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ಒಬ್ಬನೇ ನಿಲ್ಲುತ್ತಾನೆ, ಪಂದ್ಯದ ಭಾರವೆಲ್ಲ ಅವನ ಮೇಲೆ. ನಮ್ಮ ತಂಡದ ಮುಖ್ಯ ಪಿಚರ್ ಅಮೆರಿಕದವನು. ಮೂವತ್ತು ದಾಟಿದ್ದ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ತನ್ನ ದೇಶದ ಕೆಳಹಂತದ ತಂಡಗಳಲ್ಲೇ ಯೌವನವೆಲ್ಲ ಕಳೆದು, ಮೇಲಿನ ಹಂತ ಒಮ್ಮೆಯೂ ಸಿಗದೆ, ಕೊನೆಗೆ ಅಲ್ಲಿಂದಲೂ ಬಿಡುಗಡೆಯಾಗಿ ಇಲ್ಲಿಗೆ ಬಂದಿದ್ದ.

ಮೊದಲ ದಿನವೇ ನನ್ನ ಹತ್ತಿರ ಬಂದು, "ನನಗೂ ಜಪಾನೀಸ್ ಕಲಿಸ್ತೀರಾ? ಮುಂದಿನ ವರ್ಷ ನಾನು ಜಪಾನ್‌ನಲ್ಲಿ ಆಡ್ತೀನಿ" ಅಂದ. ಅವನು ಆಡಿದ್ದು ಇಂಗ್ಲಿಷ್. ಅದರ 'ಯೂ'ಗೆ ನಾನು 'ನೀವು' ಎಂದೇ ಹಾಕುತ್ತಿದ್ದೇನೆ, ಅವನ ದನಿಯಲ್ಲಿ ಆ ಮರ್ಯಾದೆ ಇತ್ತು.

"ಕರೆದಿದ್ದಾರಾ?" ಎಂದು ಕೇಳಿದೆ.

"ಇನ್ನೂ ಇಲ್ಲ" ಅಂದ, ನಾಳೆ ಕರೆಯುತ್ತಾರೆ ಎನ್ನುವ ಹಾಗೆ. ಆ 'ಇನ್ನೂ' ನನಗೆ ಹಿಡಿಸಿತು.

ಪಾಠ ನಡೆದದ್ದು ಬಸ್ಸಿನಲ್ಲಿ, ವಿಮಾನ ನಿಲ್ದಾಣಗಳಲ್ಲಿ. ಇಂಗ್ಲಿಷಿನವರಿಗೆ ಜಪಾನೀಸ್ ಕಷ್ಟವಾಗುವುದು ಅದರ ವಾಕ್ಯದ ಹೆಣಿಗೆಯಿಂದ. ನಮಗೆ ಆ ತೊಂದರೆ ಇಲ್ಲ. ಕನ್ನಡದ ಹಾಗೆಯೇ ಅಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ನಾನು ಕಲಿತದ್ದು ಕನ್ನಡದ ದಾರಿಯಿಂದಲೇ. ಅವನನ್ನೂ ಅದೇ ದಾರಿಯಲ್ಲಿ ಕರೆದೊಯ್ಯೋಣವೆಂದು, "ನಾನು, ಚೆಂಡು, ಎಸೀತೀನಿ" ಎಂದು ಮೊದಲು ಕನ್ನಡದಲ್ಲೇ ಹೇಳಿಕೊಟ್ಟೆ.

"ಅಂದ್ರೆ ವಾಕ್ಯ ಮುಗಿಯೋವರೆಗೂ ನೀವು ಎಸೀತೀರೋ ಇಲ್ವೋ ಗೊತ್ತಾಗೋದೇ ಇಲ್ಲ?"

"ಗೊತ್ತಾಗಲ್ಲ. ಅದಕ್ಕೇ ಮಧ್ಯದಲ್ಲಿ ಬಾಯಿ ಹಾಕಬಾರದು."

ಬೇಕೆಂದೇ ಹಾಗೆ ಹೇಳಿದ್ದೆ. ಕೋಚ್ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದರೆ ಅರ್ಧದಲ್ಲೇ ಉತ್ತರ ಕೊಡುವ ಚಾಳಿ ಅವನಿಗಿತ್ತು. ನಕ್ಕ, ಆದರೆ ಮಾರನೆಯ ದಿನದಿಂದ ನಾನು ಪೂರ್ತಿ ಹೇಳಿ ಮುಗಿಸುವವರೆಗೆ ಕಾಯತೊಡಗಿದ.

ಒಂದು ಭಾನುವಾರ ಅವನನ್ನು ಮನೆಗೆ ಊಟಕ್ಕೆ ಕರೆದೆ. ಮೈಸೂರಿನಿಂದ ಅತ್ತೆ ಬಂದಿದ್ದರು. ಬಿಸಿಬೇಳೆಬಾತಿಗೆ ಬೂಂದಿ ಉದುರಿಸುತ್ತಾ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಇಷ್ಟುದ್ದ ಇದಾನಲ್ಲೇ, ಏನ್ ಕೆಲಸ ಮಾಡ್ತಾನೆ?" ಎಂದು ಕೇಳಿದರು.

"ಚೆಂಡು ಎಸೀತಾನೆ, ಅತ್ತೆ."

"ಆಮೇಲೆ?"

"ಅಷ್ಟೇ."

"ಬ್ಯಾಟಿಂಗು?"

"ಇಲ್ಲ."

ಅತ್ತೆಗೆ ಅವನ ಬಗ್ಗೆ ಕನಿಕರ ಹುಟ್ಟಿ ಇನ್ನೊಂದು ಸೌಟು ಬಡಿಸಿದರು. ನನ್ನ ಮಗಳು ಎಲ್ಲವನ್ನೂ ಅವನಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿಬಿಟ್ಟಳು. ಅವನು ಅತ್ತೆಯ ಕಡೆ ತಿರುಗಿ, ಕಲಿತಿದ್ದ ಒಂದೇ ಕನ್ನಡ ವಾಕ್ಯವನ್ನು ಹೇಳಿದ: "ನಾನು ಚೆಂಡು ಎಸೀತೀನಿ." ಅತ್ತೆ, "ಎಸಿಯಪ್ಪ, ಚೆನ್ನಾಗಿ ಎಸಿ" ಅಂದರು.

ಪರ್ತ್‌ನಲ್ಲಿ ಆಡಿದ ಪಂದ್ಯದಲ್ಲಿ ಎಡವಟ್ಟಾಯಿತು. ಸುಡುವ ಮಧ್ಯಾಹ್ನ. ಅವನು ಚೆನ್ನಾಗಿಯೇ ಎಸೆಯುತ್ತಿದ್ದ. ನಮ್ಮ ಫೀಲ್ಡರ್ ಒಬ್ಬ ಕೈಗೆ ಬಂದ ಸುಲಭದ ಚೆಂಡನ್ನು ಬಿಟ್ಟ, ಎದುರಾಳಿಗಳು ಮುಂದಾದರು. ಇವನು ದಿಬ್ಬದ ಮೇಲಿಂದ ಎರಡೂ ಕೈ ಚೆಲ್ಲಿ, ಎಲ್ಲರಿಗೂ ಕಾಣುವಂತೆ ಆ ಹುಡುಗನನ್ನು ದುರುಗುಟ್ಟಿ ನೋಡಿದ. ಆಮೇಲೆ ಎಸೆದದ್ದೆಲ್ಲ ದಾರಿ ತಪ್ಪಿತು, ಸೋತೆವು.

ಪಂದ್ಯ ಮುಗಿದ ಮೇಲೆ ಕೋಚ್ ನನ್ನನ್ನು ಕರೆದುಕೊಂಡು ಅವನಿದ್ದಲ್ಲಿಗೆ ಬಂದರು. ನೇರವಾಗಿ ಹೇಳಿದರು: "ನಿನ್ನ ಕೈ ಜಪಾನಿಗೆ ಸಾಕು. ನಿನ್ನ ಮುಖ ಸಾಲದು. ಇವತ್ತು ನೀನು ಮಾಡಿದ್ದನ್ನು ಅಲ್ಲಿ ಮಾಡಿದರೆ ನಿನ್ನ ಹಿಂದೆ ನಿಂತ ಯಾರೂ ನಿನಗಾಗಿ ಓಡುವುದಿಲ್ಲ."

ಮೆತ್ತಗೆ ಮಾಡಿ ಹೇಳಬಹುದಿತ್ತು. ಕಾರ್ಖಾನೆಯಲ್ಲಿ ಕೆಲವು ದುಭಾಷಿಗಳು ಹಾಗೆ ಮಾಡುತ್ತಿದ್ದುದನ್ನೂ, ಅದರಿಂದ ಕೆಲಸ ಕೆಡುತ್ತಿದ್ದುದನ್ನೂ ನೋಡಿದ್ದೆ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಇಟ್ಟೆ.

ಅವನ ಕಿವಿ ಕೆಂಪಾಯಿತು. "ಇದು ಅವರು ಹೇಳಿದ್ದಾ, ನೀವು ಸೇರಿಸಿದ್ದಾ?"

"ಒಂದು ಪದವನ್ನೂ ಸೇರಿಸಿಲ್ಲ. ಒಂದು ಪದವನ್ನೂ ಬಿಟ್ಟಿಲ್ಲ. ನಾನು ಹಾಗೆ ಮಾಡೋಳಲ್ಲ."

ಅವನು ಚೀಲ ಎತ್ತಿಕೊಂಡು ನಡೆದುಬಿಟ್ಟ. ಕೋಚ್ ಅವನ ಬೆನ್ನು ನೋಡುತ್ತಾ, "ಕೇಳಿಸಿಕೊಂಡಿದ್ದಾನೆ" ಅಂದರು.

ಮಾರನೆಯ ದಿನ ಆಟಕ್ಕೆ ಬಿಡುವು. ಮಗಳಿಗೆ ಶೂ ಕೊಳ್ಳಲು ಕ್ಯಾನಿಂಗ್ಟನ್‌ನ ದೊಡ್ಡ ಮಾಲ್‌ಗೆ ಹೊರಟಿದ್ದೆ. ಅವನು ತಾನೂ ಬರುತ್ತೇನೆಂದ. ಶೂ ಕೊಂಡು, ಫುಡ್ ಕೋರ್ಟ್‌ನಲ್ಲಿ ನೂಡಲ್ಸ್ ತಟ್ಟೆ ಮುಂದೆ ಕೂತ ಮೇಲೆ ಕೇಳಿದ: "ಜಪಾನೀಸ್‌ನಲ್ಲಿ ಕ್ಷಮೆ ಕೇಳೋದು ಹೇಗೆ? ದೊಡ್ಡವರಿಗೆ ಹೇಳೋ ಥರ ಹೇಳಿಕೊಡಿ."

"ಕೋಚ್‌ಗಾ?"

"ಹೂಂ."

"ಕೋಚ್‌ಗೆ ನೀವು ಏನ್ ಮಾಡಿದ್ರಿ? ಕ್ಯಾಚ್ ಬಿಟ್ಟವನ ಹತ್ರ ಹೋಗಿ. ಅವನಿಗೆ ಇಂಗ್ಲಿಷೇ ಸಾಕು."

ಅವನು ನೂಡಲ್ಸ್ ಮುಗಿಸಿ ಎದ್ದ. ಹಾಗೆ ಹೇಳಿದ್ದಕ್ಕೆ ನನಗೆ ಸಂಕೋಚವಾಗಲಿಲ್ಲ. ಹೋಟೆಲ್‌ಗೆ ಮರಳಿದ ಮೇಲೆ ಈಜುಕೊಳದ ಬಳಿ ಅವನು ಆ ಹುಡುಗನ ಪಕ್ಕ ಕೂತಿದ್ದು ಕಿಟಕಿಯಿಂದ ಕಾಣಿಸಿತು. ಏನು ಮಾತಾಡಿದರೋ ಗೊತ್ತಿಲ್ಲ, ಸಂಜೆ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋದರು.

ಅಡಿಲೇಡ್‌ನಲ್ಲಿ ಪಂದ್ಯ ನೋಡಲು ಜಪಾನಿನಿಂದ ಒಬ್ಬರು ಬಂದಿದ್ದರು. ಕ್ಲಬ್‌ಗೆ ಆಟಗಾರರನ್ನು ಆರಿಸುವುದು ಅವರ ಕೆಲಸ. ನಮ್ಮ ಕೋಚ್ ಹೇಳಿ ಕರೆಸಿದ್ದರು ಎನ್ನುವುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅಂದು ಅವನು ಎಷ್ಟು ಚೆನ್ನಾಗಿ ಎಸೆದ ಎಂದು ಹೇಳುವ ಯೋಗ್ಯತೆ ಆ ಹೊತ್ತಿಗೆ ನನಗೂ ಬಂದಿತ್ತು. ಚೆಂಡು ಬ್ಯಾಟಿನ ಹತ್ತಿರ ಹೋಗಿ ನೆಲ ಕುಸಿದಂತೆ ಕೆಳಗಿಳಿಯುತ್ತಿತ್ತು, ಹೊಡೆಯುವವರು ಗಾಳಿಗೆ ಬೀಸುತ್ತಿದ್ದರು. ನಡುವೆ ಒಮ್ಮೆ ನಮ್ಮವರು ಮತ್ತೆ ಚೆಂಡು ಬಿಟ್ಟರು. ಅವನು ತಿರುಗಿ, ಪರವಾಗಿಲ್ಲ ಎನ್ನುವ ಹಾಗೆ ಕೈಯೆತ್ತಿ, ಮುಂದಿನ ಚೆಂಡಿಗೆ ಸಿದ್ಧನಾದ.

ಮರುದಿನ ಬೆಳಿಗ್ಗೆ ಹೋಟೆಲಿನ ತಿಂಡಿ ಮೇಜಿನ ಮೇಲೆ ಮಾತುಕತೆ. ಒಂದು ಕಡೆ ಜಪಾನಿನಿಂದ ಬಂದವರು, ಇನ್ನೊಂದು ಕಡೆ ಅವನು, ಮೇಜಿನ ಮೇಲಿಟ್ಟ ಫೋನಿನಲ್ಲಿ ಅಮೆರಿಕದ ಅವನ ಏಜೆಂಟ್, ನಡುವೆ ನಾನು. ಕ್ಲಬ್ ಅವನನ್ನು ತೆಗೆದುಕೊಳ್ಳಲು ತಯಾರಿತ್ತು. ಆದರೆ ಮೊದಲು, ಮುಖ್ಯ ತಂಡಕ್ಕೆ ಆಟಗಾರರನ್ನು ತಯಾರುಮಾಡುವ ಎರಡನೆಯ ತಂಡದಲ್ಲಿ ಆಡಬೇಕು. ಏಜೆಂಟ್ ಫೋನಿನಲ್ಲೇ ಗುಡುಗಿದ: "ಬೇಡ. ಅಲ್ಲಿ ಕೂರಿಸಿ ಮರೆತುಬಿಡ್ತಾರೆ."

ಅವನು ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದು ಕೇಳಿದ.

"ಅಭಿಪ್ರಾಯ ಹೇಳೋದು ನನ್ನ ಕೆಲಸ ಅಲ್ಲ. ಅವರು ಬಳಸಿದ ಪದದ ಅರ್ಥ ಹೇಳೋದು ನನ್ನ ಕೆಲಸ. ಅವರು 'ಇಟ್ಕೋತೀವಿ' ಅನ್ನಲಿಲ್ಲ. 'ಬೆಳೆಸ್ತೀವಿ' ಅಂದ್ರು. ಮಕ್ಕಳಿಗೆ, ಗಿಡಕ್ಕೆ ಹೇಳೋ ಪದ ಅದು. ಆ ಭಾಷೆಯಲ್ಲಿ ಅದನ್ನ ಸುಮ್ಮನೆ ಬಾಯಿಮಾತಿಗೆ ಹೇಳಲ್ಲ."

ಎದುರಿಗಿದ್ದವರಿಗೆ ನಾನು ವಿವರಿಸಿದ್ದನ್ನು ಜಪಾನೀಸ್‌ನಲ್ಲೂ ಹೇಳಿ, ಸರಿಯೇ ಎಂದು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ತಲೆಯಾಡಿಸಿದರು.

"ಮೂವತ್ತು ದಾಟಿದ ಮೇಲೆ ನನ್ನನ್ನ ಬೆಳೆಸ್ತೀವಿ ಅಂದವರು ಇವರೇ ಮೊದಲು" ಎಂದು ಹೇಳಿ ಅವನು ಫೋನಿಗೆ ಬಗ್ಗಿದ. "ನಾನು ಹೋಗ್ತಿದ್ದೀನಿ."

ಎರಡನೆಯ ತಂಡದ ದಿನಗಳು ಸುಲಭದವಲ್ಲ. ಆಗಾಗ ಫೋನ್ ಮಾಡುತ್ತಿದ್ದ. ಬೆಳಗಿನಿಂದ ಓಟ, ಎಸೆದದ್ದೇ ಎಸೆಯುವುದು, ಗುಂಪಿನಲ್ಲಿ ಬಿಸಿನೀರ ಸ್ನಾನ, ಕಾಲು ಚಾಚಲು ಜಾಗವಿಲ್ಲದ ಮಲಗುವ ಕೋಣೆ. ಬೇಸರವಾದಾಗ ಬೈಗುಳ ಕೇಳುತ್ತಿದ್ದ. ಜಪಾನೀಸ್‌ನಲ್ಲಿ ಒಳ್ಳೆಯ ಬೈಗುಳಗಳಿಲ್ಲ, ಕನ್ನಡದವು ಎರಡು ಹೇಳಿಕೊಟ್ಟೆ. ಅಲ್ಲಿಯ ಮಳೆಗಾಲ ಶುರುವಾಗುವ ಹೊತ್ತಿಗೆ ಮೊದಲ ತಂಡಕ್ಕೆ ಕರೆದರು. ಮೊದಲ ಪಂದ್ಯದಲ್ಲಿ ಚೆನ್ನಾಗಿ ಏಟು ತಿಂದ. ಎರಡನೆಯದರಲ್ಲಿ ಗೆದ್ದ. ಮುಂದಿನ ವರ್ಷದಿಂದ ಪಂದ್ಯದ ಕೊನೆಯ ಇನ್ನಿಂಗ್ಸ್‌ಗೆ, ಗೆಲುವನ್ನು ಕಾಪಾಡಲು ಕಳಿಸುವ ಪಿಚರ್ ಆದ. ಅವನು ದಿಬ್ಬದ ಕಡೆ ನಡೆಯುವಾಗ ಊರಿಗೆ ಊರೇ ಅವನ ಹೆಸರಿಟ್ಟು ಕಟ್ಟಿದ ಹಾಡು ಹಾಡುತ್ತಿತ್ತು.

ಒಂದು ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಆ ಹಾಡನ್ನು ನಾನೇ ಕೇಳಿದೆ. ಕಡಲ ಬದಿಯ ಊರು, ತುಂಬಿದ ಮೈದಾನ. ಅಂದು ಅವನು ಗೆಲ್ಲಿಸಿದ. ಗೆದ್ದವರನ್ನು ಮೈದಾನದ ಮಧ್ಯೆ ನಿಲ್ಲಿಸಿ ಮೈಕ್ ಹಿಡಿದು ಮಾತಾಡಿಸುವುದು ಅಲ್ಲಿಯ ಪದ್ಧತಿ. ಕ್ಲಬ್‌ನ ದುಭಾಷಿ ಪಕ್ಕದಲ್ಲಿ ಸಿದ್ಧನಾಗಿ ನಿಂತಿದ್ದ. ಇವನು ಅವನಿಗೆ ಕೈಸನ್ನೆ ಮಾಡಿ ಮೈಕ್ ತೆಗೆದುಕೊಂಡ. "ನನ್ನ ಹಿಂದೆ ಓಡಿದವರಿಂದ ಇವತ್ತು..." ಎಂದು ಜಪಾನೀಸ್‌ನಲ್ಲಿ ಶುರುಮಾಡಿ, ಅವಸರವಿಲ್ಲದೆ ಒಂದು ಉಸಿರು ನಿಲ್ಲಿಸಿ, "...ಗೆದ್ದೆ" ಎಂದು ಮುಗಿಸಿದ. ಮೈದಾನ ಭೋರ್ಗರೆಯಿತು. "ಅಮ್ಮಾ, ಯೂ ಟಾಟ್ ಹಿಮ್ ದಟ್!" ಎಂದು ಮಗಳು ನನ್ನ ತೋಳು ಹಿಡಿದು ಕುಣಿದಳು. ಹೌದು, ನಾನೇ ಕಲಿಸಿದ್ದು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೂ ಅದನ್ನು ಹೇಳಿಬಿಟ್ಟೆ.

ಬ್ರಿಸ್ಬೇನ್‌ಗೆ ಮರಳಿದವಳೇ ವಿಮಾ ಕಚೇರಿಗೆ ರಾಜೀನಾಮೆ ಕೊಟ್ಟೆ. ಈಗ ಆಸ್ಪತ್ರೆ, ಕೋರ್ಟು, ಕಂಪನಿಗಳಿಗೆ ದುಭಾಷಿಯಾಗಿ ಹೋಗುತ್ತೇನೆ. ಫೋರ್ಟಿಟ್ಯೂಡ್ ವ್ಯಾಲಿಯಲ್ಲೇ ಒಂದು ಕೋಣೆ ಹಿಡಿದು ಜಪಾನೀಸ್ ಪಾಠವನ್ನೂ ಮಾಡುತ್ತೇನೆ. ಮಂಗಳೂರು, ಕಲಬುರಗಿ, ಹುಬ್ಬಳ್ಳಿ ಕಡೆಯಿಂದ ಇಲ್ಲಿಗೆ ಓದಲು ಬಂದ ವಿದ್ಯಾರ್ಥಿಗಳು ಬರುತ್ತಾರೆ, ಬೇಗ ಕಲಿಯುತ್ತಾರೆ.

ಅವನು ಮೊಣಕೈ ಕೈಕೊಡುವವರೆಗೆ ಜಪಾನಿನಲ್ಲೇ ಆಡಿದ. ಆಪರೇಷನ್ ಆಯಿತು, ಹಳೆಯ ವೇಗ ಬರಲಿಲ್ಲ, ಕ್ಲಬ್ ಗೌರವದಿಂದಲೇ ಬೀಳ್ಕೊಟ್ಟಿತು. ಈಗ ಪರ್ತ್‌ನಲ್ಲಿ ಪಿಚರ್‌ಗಳಿಗೆ ಕೋಚ್. ಹೆಂಡತಿ ಜಪಾನಿನ ಆ ಕಡಲ ಬದಿಯ ಊರಿನವಳು. ಕಳೆದ ಬೇಸಿಗೆ ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದಾಗ ಮನೆಗೆ ಕರೆದರು. ಹಿತ್ತಲಲ್ಲಿ ಅವನು ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ, ಹಚ್ಚಿ ನನಗೆಂದು ಅಣಬೆ, ಜೋಳದ ತೆನೆ ಸುಡುತ್ತಿದ್ದ. ನಾನು, ಅವನ ಹೆಂಡತಿ ಜಪಾನೀಸ್‌ನಲ್ಲಿ ಹರಟೆಗೆ ಕೂತೆವು.

"ಆಟ ಬಿಟ್ಟಿದ್ದು ಬೇಜಾರಾ?" ಎಂದು ಕೇಳಿದೆ.

"ಏಪ್ರಿಲ್ ಬಂದ್ರೆ ಆಗುತ್ತೆ" ಅಂದ. "ಅಲ್ಲಿ ಆಟ ಶುರುವಾಗೋ ತಿಂಗಳು. ಬೆಳಿಗ್ಗೆ ಎದ್ದರೆ ತೋಳು ತಾನಾಗೇ ಬಿಸಿಯಾಗುತ್ತೆ." ಆಮೇಲೆ ಇಕ್ಕಳದಿಂದ ತೆನೆ ತಿರುಗಿಸುತ್ತಾ ಹೇಳಿದ: "ಆದ್ರೆ ಎಲ್ಲಿ ಆಡ್ತೀನಿ ಅಂದಿದ್ನೋ, ಅಲ್ಲಿ ಆಡಿದೆ."

ತೆನೆಗೆ ಉಪ್ಪು, ಖಾರ, ನಿಂಬೆಹಣ್ಣು ಹಚ್ಚುವುದನ್ನು ಅವನ ಹೆಂಡತಿಗೆ ತೋರಿಸಿಕೊಟ್ಟೆ. ಇನ್ನೆರಡು ಬೇಕೆಂದಳು.