ಭಾನುವಾರದ ಚರಗ

ತಪ್ಪು ನಿಂಬೆವ್ವನದಲ್ಲ, ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನ ಬಾಯಿಗಳು ಇನ್ನೂ ಅವಳನ್ನೇ ದೂರುತ್ತವೆ.

ನಾನು ರಸೂಲ. ಕಿಣ್ಣಿ ಸುಲ್ತಾನ ಎಂಬ ಊರಿನ ಹತ್ತಿರ ಬಸವಂತರಾಯ ಗೌಡರ ತೋಟದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತೇನೆ. ನಾಲ್ಕು ವರ್ಷದ ಹಿಂದೆ ತೋಟದ ಮುಂದೆ ಬಣ್ಣದ ಬೋರ್ಡು ಬಿತ್ತು. ಕಲಬುರಗಿ, ಸೊಲ್ಲಾಪುರದ ಮಂದಿ ಹೊಲ ನೋಡಲು ಬರತೊಡಗಿದರು. ಹೊಲದಲ್ಲಿ ನೋಡುವುದೇನಿದೆಯೋ ದೇವರೇ ಬಲ್ಲ! ಮಳೆಗಾಲದಲ್ಲಿ ಯಾರೂ ಇತ್ತ ಸುಳಿಯುವುದಿಲ್ಲ. ನಮ್ಮ ಕರಿಮಣ್ಣು ಬೂಟು ಹಿಡಿದರೆ ಬಿಡುವುದಿಲ್ಲ. ತೊಗರಿಕಾಯಿ ಬಲಿತ ಮೇಲೆ ಬಸ್ಸುಗಳು ಶುರು. ಕಾಯಿ ಬೇಯಿಸಿ ಕೊಡುತ್ತೇವೆ, ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದಾಗ ಸುಟ್ಟು ಸೀತನಿ ಮಾಡಿ ಕೊಡುತ್ತೇವೆ, ಟ್ರಾಲಿಯಲ್ಲಿ ಕೂರಿಸಿ ಸುತ್ತಾಡಿಸುತ್ತೇವೆ. ಮೈಕು ಹಿಡಿದು ಒದರುವವನೂ ನಾನೇ.

ನಿಂಬೆವ್ವ ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕಸ ಕೀಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಗಂಡ ಸತ್ತ ಮೇಲೆ ಬಾವಿ ಪಕ್ಕದ ಗೌಡರ ಖೋಲಿಯೇ ಅವಳ ಮನೆ. ಹೋದ ಎಳ್ಳಮಾವಾಸ್ಯೆ ಹೊತ್ತಿಗೆ, ಚೊಚ್ಚಲ ಬಾಣಂತನಕ್ಕೆ ಬಂದ ಮಗಳು ಅನುರಾಧಾಳೂ ಅಲ್ಲೇ ಇದ್ದಳು, ಏಳು ತಿಂಗಳ ಬಸುರಿ.

ಆ ಎಳ್ಳಮಾವಾಸ್ಯೆಗೆ ಬಂದ ಮಂದಿ ಚರಗ ಕಂಡು ಹುಚ್ಚಾದರು. ತೆನೆ ಹೊತ್ತ ಭೂಮಿ ಅಂದು ಬಸುರಿ. ಅವಳ ಬಯಕೆಗೆಂದು ಕಡುಬು, ಬಜ್ಜಿ, ಅನ್ನ ಕಲಸಿ ಹೊಲದ ತುಂಬ ಚೆಲ್ಲುವುದು, ವರ್ಷಕ್ಕೆ ಅದೊಂದೇ ದಿನ. ಗೌಡರು ನಿಂಬೆವ್ವನಿಗೆ, ಇನ್ನು ಪ್ರತಿ ಭಾನುವಾರ ಚೆಲ್ಲು ಎಂದರು.

"ವಾರವಾರ ಕುಬಸಾ, ಸೀಮಂತಾ ಮಾಡ್ತಾರೇನ್ರಿ ಬಸುರ ಹೆಣ್ಮಗಳಿಗಿ?" ಎಂದಳು ನಿಂಬೆವ್ವ. "ಕಂಡ ಕಂಡವರ ದೃಷ್ಟಿ ಆಗ್ತದ. ನಾ ಒಲ್ಲೆ."

ಗೌಡರು ನನ್ನತ್ತ ನೋಡಿದರು. ನಾನು ಜಾಣ ನೋಡಿ, ಬಾಯಿ ಹಾಕಿದೆ.

"ಯಕ್ಕಾ, ಇದು ಬರೇ ನಾಟಕ. ಫೋಟೋ ತಕ್ಕೊಂಡು ಹೋಗ್ತಾರ. ಭೂಮಿಗೇನು ಗೊತ್ತಾಗ್ತದ?"

ಅವಳು ನನ್ನ ಮಾತು ನಂಬಿದಳು. ಬುಟ್ಟಿ ಎತ್ತಿದಳು. ಆರು ಭಾನುವಾರ ಚೆಲ್ಲಿದಳು. ಫೋಟೋ ಸರಿ ಬರಲಿಲ್ಲ ಎಂದವರಿಗಾಗಿ ಒಂದೇ ದಿನ ಮೂರು ಸಲ ಚೆಲ್ಲಿದ್ದೂ ಉಂಟು.

ಏಳನೆಯ ವಾರ ಅನುರಾಧಾ ದವಾಖಾನೆಯಲ್ಲಿ ಹಡೆದಳು. ಕೂಸು ಅಳಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು ಡಾಕ್ಟರು. ನಿಂಬೆವ್ವ ತಲೆಯಾಡಿಸಿದಳು. ಹೊರಗೆ ಬಂದವಳು ನನ್ನೆದುರು ನಿಂತಳು.

"ತಮ್ಮಾ, ಭೂಮಿಗಿ ಗೊತ್ತಾಗಂಗಿಲ್ಲ ಅಂದಿದ್ದಿ."

"ಡಾಕ್ಟರ್ ಹೇಳಿದ್ರಲ್ಲ ಯಕ್ಕಾ."

"ಬಳ್ಳಿ ಯಾಕ ಸುತ್ತಿಕೊಂತು ಅಂತ ಅವರು ಹೇಳಲಿಲ್ಲ."

ಇಂಥದನ್ನು ನಾನು ನಂಬುವವನಲ್ಲ. ಆದರೂ ಬಿಲ್ಲು ಕಟ್ಟುವ ನೆಪದಲ್ಲಿ ಅತ್ತ ಸರಿದೆ.

ಖೋಲಿಗೆ ಮರಳಿದ ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು. "ಯವ್ವಾ, ಬ್ಯಾಡಂದ್ರೂ ಕೊಡ ಎತ್ತಿದ್ನಲ್ಲ, ಅದಕ್ಕ ಹಿಂಗಾತೇನು?" ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. ನಿಂಬೆವ್ವ ಅವಳ ಕಾಲು ಒತ್ತುತ್ತಿದ್ದಳು.

"ಚರಗದಿಂದ ಹಿಂಗಾತು ಅಂದ್ರ ಆಕಿ ನನ್ನ ಮಾರಿ ನೋಡಂಗಿಲ್ಲ ತಮ್ಮಾ" ಎಂದಳು ನನಗೆ.

ಒಂದೇ ಖೋಲಿಯಲ್ಲಿ ತಾಯಿ ತಾನೇ ಕೊಂದೆ ಎಂದುಕೊಳ್ಳುತ್ತಾಳೆ, ಮಗಳು ತಾನೇ ಕೊಂದೆ ಎನ್ನುತ್ತಾಳೆ. ಒಳಗೆ ಹೋಗಿ, ಹೇಳಿಕೊಟ್ಟವನು ನಾನು ಎಂದು ಒಪ್ಪಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹೋಗಲಿಲ್ಲ. ನಾನು ಹೇಡಿ.

ಹದಿನೈದು ದಿನ ಕಳೆದವು. "ಆಕಿಗಿ ಆಗಂಗಿಲ್ಲಂದ್ರ ಬ್ಯಾಡ" ಎಂದರು ಗೌಡರು, ಬಹಳ ಮೆತ್ತಗೆ. "ಬ್ಯಾರೆಯವರನ್ನ ಕರ್ಕೊಂಡು ಬರೋಣು. ಅವರಿಗೂ ಇರಾಕ ಖೋಲಿ ಬೇಕಲ್ಲ."

ಭಾನುವಾರ ಎರಡು ಬಸ್ಸು ಬಂದವು. ನಿಂಬೆವ್ವ ತಲೆಯ ಮೇಲೆ ಸೆರಗೆಳೆದು, ಬುಟ್ಟಿ ಹೊತ್ತು ಹೊಲಕ್ಕಿಳಿದಳು. ಮಂದಿ ಮೊಬೈಲು ಎತ್ತಿದರು. ಭೂಮಿತಾಯಿ ಈಗ ತುಂಬು ಬಸುರಿ ಎಂದು ನಾನು ಮೈಕಿನಲ್ಲಿ ಹೇಳಬೇಕು. ಆಮೇಲೆಯೇ ಅವಳು ಚೆಲ್ಲುವುದು. ಇಪ್ಪತ್ತು ಹೆಜ್ಜೆ ಆಚೆ ಖೋಲಿಯ ಬಾಗಿಲು ತೆರೆದಿತ್ತು. ಒಳಗೆ ಅನುರಾಧಾ ಮಲಗಿದ್ದಳು. ಬಾಯಿಗೆ ಹಿಡಿದ ಮೈಕನ್ನು ಕೆಳಗಿಳಿಸಿದೆ.

ನಿಂಬೆವ್ವ ತಿರುಗಿ ನೋಡಿದಳು.

"ಹೇಳಪಾ," ಎಂದಳು. "ಮಂದಿ ಕಾಯಾಕತ್ತಾರ."

ಹೇಳಿದೆ. ಖೋಲಿಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು.