ಅಕ್ಕ ಬೆರಳು ಹಿಡಿದಳು

ಬೀದಿಯವರಿಗೆಲ್ಲ ಅವರು ಟೀಚರಮ್ಮ. ಮದುವೆಯಾಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು, ಒಂದು ಕರಿಹಲಗೆ. ಕೆಲಸ ಮುಗಿಸಿದ ಡ್ರೈವರುಗಳು, ನರ್ಸುಗಳು ಅಲ್ಲಿಗೆ ಬಂದು ಇಂಗ್ಲಿಷ್ ಕಲಿಯುತ್ತಿದ್ದರು. ಟೀಚರಮ್ಮನಿಗೆ ಅಕ್ಷರ ಹೇಳಿಕೊಟ್ಟವಳು ಅವರ ಅಕ್ಕ. ಆಕೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಒಂದು ಸಂಜೆ ‘ಟೀಚ್’ ಪದದ ಪಾಠ.

“ಟೀಚ್ ಅಂದ್ರೆ ಕಲಿಸು. ‘ತಾಳು, ನಿಂಗೆ ಬುದ್ಧಿ ಕಲಿಸ್ತೀನಿ’ ಅಂತ ನಾವು ಹಲ್ಲು ಕಡೀತೀವಲ್ಲ, ಇಂಗ್ಲಿಷಿನವರೂ ಇದೇ ಪದ ಇಟ್ಕೊಂಡು ಹೆದರಿಸ್ತಾರೆ.”

“ಹಂಗಾದ್ರೆ ನನ್ ಹೆಂಡ್ತೀನೂ ಟೀಚರ್ರೇ ಬಿಡಿ,” ಎಂದ ಒಬ್ಬ ಡ್ರೈವರು. ಎಲ್ಲರೂ ನಕ್ಕರು.

“ಬಹಳ ಹಿಂದೆ ಅದಕ್ಕೆ ‘ತೋರಿಸು’ ಅನ್ನೋ ಅರ್ಥ ಇತ್ತು. ಗುರುತಿಗೆ ‘ಟೋಕನ್’ ಅಂತೀವಲ್ಲ, ಅದೂ ಇದರ ಬಳಗದ್ದೇ.”

“ನಿಜ ಮಿಸ್,” ಎಂದಳು ಹೊಸದಾಗಿ ಸೇರಿದ್ದ ಹೊಲಿಗೆಯವಳು. “ಅವ್ರೂ ಮಾತಾಡಲ್ಲ, ತೋರಿಸ್ತಾರೆ ಅಷ್ಟೆ.”

“ಯಾರಮ್ಮಾ?”

“ನನ್ನ ರೂಮಿಗೆ ಬಂದು ಕೂರ್ತಾರಲ್ಲ, ಒಬ್ರು ಅಕ್ಕ. ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದ ಪುಡಿ ಮೇಜಿನ ಮೇಲೆ ಬಿದ್ದಿರುತ್ತೆ. ಅದರಲ್ಲಿ ಬೆರಳಾಡಿಸಿ ಬರೀತಾರೆ.”

ಅವಳು ಎದ್ದು ಬಂದು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು: ‘ಟೀಚ್ಡ್’. ‘ಕಲಿಸಿದೆ’ ಎನ್ನಲು ‘ಟಾಟ್’ ಎಂದಾಗಬೇಕಿತ್ತು. ಈ ತಪ್ಪನ್ನು ಯಾರು ಬೇಕಾದರೂ ಮಾಡುತ್ತಾರೆ. ಆದರೆ ಕೊನೆಯ ಅಕ್ಷರದ ಬಾಲ ಕೊಕ್ಕೆಯಂತೆ ಹಿಂದಕ್ಕೆ ತಿರುಗಿತ್ತು. ಹಾಗೆ ಬರೆಯುತ್ತಿದ್ದವಳು ಅಕ್ಕ ಒಬ್ಬಳೇ.

“ಎಲ್ಲಿದೆ ನಿನ್ನ ರೂಮು?”

“ಔಷಧಿ ಅಂಗಡಿ ಮೇಲೆ ಮಿಸ್.”

ಅಕ್ಕ ಕಾಯಿಲೆ ಬಿದ್ದು ಕೊನೆಯುಸಿರೆಳೆದದ್ದು ಅಲ್ಲೇ.

ಮರುದಿನ ಮಧ್ಯಾಹ್ನ ಅವರು ಆ ಮೆಟ್ಟಿಲು ಹತ್ತಿದರು. ಹೊರಗೆ ಸುಡು ಬಿಸಿಲು. ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಮೇಲೆ ತೆಳ್ಳಗೆ ಬಿಳಿ ಪುಡಿ. ಸ್ವಲ್ಪ ಹೊತ್ತಿಗೆ ಹೊಲಿಗೆಯವಳು ಯಂತ್ರ ನಿಲ್ಲಿಸಿ, “ಬಂದ್ರು,” ಎಂದಳು.

ಟೀಚರಮ್ಮನಿಗೆ ಯಾರೂ ಕಾಣಲಿಲ್ಲ. ಪುಡಿಯಲ್ಲಿ ಮಾತ್ರ ಒಂದು ಗೀರು ಮೆಲ್ಲಗೆ ಮೂಡತೊಡಗಿತು. ಮತ್ತೆ ಅದೇ ತಪ್ಪು, ಅದೇ ಕೊಕ್ಕೆ.

“ಅಕ್ಕಾ, ಅದು ‘ಟಾಟ್’ ಕಣೇ. ಎಷ್ಟು ಸಲ ಹೇಳಿದೀನಿ!” ಬಾಯಿಂದ ತಾನಾಗಿ ಬಂದುಬಿಟ್ಟಿತು.

ಗೀರು ನಿಂತಿತು. ಯಾರೋ ಅಂಗೈಯಲ್ಲಿ ಒರೆಸಿದಂತೆ ಪುಡಿ ಸಪಾಟಾಯಿತು. ಆಮೇಲೆ ತಣ್ಣನೆಯದೇನೋ ಅವರ ತೋರುಬೆರಳನ್ನು ಹಿಡಿದು, ಮಗುವಿಗೆ ತಿದ್ದಿಸುವ ಹಾಗೆ ನಿಧಾನವಾಗಿ ಒಂದು ಅಕ್ಷರ ಬರೆಸಿತು. ಅದು ಇಂಗ್ಲಿಷಲ್ಲ, ಕನ್ನಡವೂ ಅಲ್ಲ. ಅಂಥ ಅಕ್ಷರವನ್ನು ಅವರು ಎಲ್ಲೂ ಕಂಡಿರಲಿಲ್ಲ. ಕೈ ಕಿತ್ತುಕೊಂಡು ಓಡಬೇಕೆನಿಸಿತು. ಓಡಲಿಲ್ಲ. ಅಕ್ಕನ ಹಿಡಿತ ಅಷ್ಟು ಪರಿಚಿತವಾಗಿತ್ತು.

ಆ ವಾರವೇ ಟೀಚರಮ್ಮ ತರಗತಿ ಮುಚ್ಚಿದರು. ಬರುತ್ತಿದ್ದವರು ಸತ್ತವರೆಂದು ತಿಳಿದ ಹೊಲಿಗೆಯವಳು ಹೆದರಿ ಯಂತ್ರ ಹೊರಿಸಿಕೊಂಡು ಎದುರು ಕಟ್ಟಡಕ್ಕೆ ಹೋದಳು. ಮೇಜನ್ನು ಮಾತ್ರ ಟೀಚರಮ್ಮ ಬಿಟ್ಟುಕೊಡಲಿಲ್ಲ. ಆ ಕೋಣೆಗೆ ಈಗ ಬಾಡಿಗೆ ಕಟ್ಟುವವರು ಅವರೇ. ಮಧ್ಯಾಹ್ನ ಬಟ್ಟೆಯಿಂದ ತಲೆ ಎತ್ತಿದಾಗೆಲ್ಲ ಹೊಲಿಗೆಯವಳಿಗೆ ಎದುರು ಕಿಟಕಿ ಕಾಣುತ್ತದೆ. ಟೀಚರಮ್ಮ ಮೇಜಿನ ಮೇಲೆ ಬಾಗಿರುತ್ತಾರೆ, ಪಕ್ಕಕ್ಕೆ ತಿರುಗಿ ಏನೋ ಕೇಳುತ್ತಾರೆ, ತಪ್ಪು ಬರೆದು ಪೆಟ್ಟು ತಿಂದ ಮಗುವಿನಂತೆ ಒಮ್ಮೊಮ್ಮೆ ಕೈ ಹಿಂದಕ್ಕೆಳೆದುಕೊಂಡು ನಗುತ್ತಾರೆ.