ಫೋಟೋದಲ್ಲಿಲ್ಲದ ಗಂಡ

ಪಂಜಾಬಿನ ಜಗರಾಂವ್‌ನ ಕಾಲುವೆ ಸೇತುವೆಯ ಮೇಲೆ ಪ್ರೀತಿ ಹುಟ್ಟುವುದು ಬೆಳಗಿನ ಹೊತ್ತು, ಬಿಸಿಲು ಏರುವ ಮುಂಚೆ. ಹುಟ್ಟಿಸುವವನು ಫೋಟೋಗ್ರಾಫರ್ ನಛತ್ತರ್ ಸಿಂಗ್.

"ಏ ಜಶನ್, ಹೆಂಡ್ತಿ ಪಕ್ಕ ನಿಂತಿದೀಯೋ, ಬ್ಯಾಂಕಿನ ಕ್ಯೂನಲ್ಲಿ ನಿಂತಿದೀಯೋ? ಹತ್ತಿರ ಹೋಗೋ!"

"ಚಾಚಾ, ಮೊನ್ನೆ ತಾನೇ ಪರಿಚಯ ಆಗಿದ್ದು..."

"ಅದು ನಿನ್ನ ಮುಖದ ಮೇಲೇ ಬರೆದಿದೆ. ಅದನ್ನ ಒರೆಸೋಕೇ ನನ್ನ ಕರೆಸಿರೋದು. ನಗು. ಅಷ್ಟಲ್ಲ! ಹಲ್ಲೆಲ್ಲ ಕಂಡ್ರೆ ವೀಸಾ ಅಧಿಕಾರಿಗೆ ಅನುಮಾನ ಬರುತ್ತೆ. ಮದುವೆ ಆದೋರು ಅಷ್ಟೊಂದು ನಗಲ್ಲ."

ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಹೆಣ್ಣು ನೋಡಲು ಹೋದವರು ಮನೆತನ ಕೇಳುತ್ತಿದ್ದರು, ಜಮೀನು ಕೇಳುತ್ತಿದ್ದರು. ಈಗ ಕೇಳುವುದು ಒಂದೇ: ಇಂಗ್ಲಿಷ್ ಪರೀಕ್ಷೆಯಲ್ಲಿ ಹುಡುಗಿಗೆ ಎಷ್ಟು ಬ್ಯಾಂಡ್? ಏಳು ಬಂದಿದ್ದರೆ ಮೂಗು ಸೊಟ್ಟಗಿದ್ದರೂ ಅಪ್ಸರೆ. ಐದಕ್ಕೆ ನಿಂತಿದ್ದರೆ ಅಪ್ಸರೆಯೂ ಮನೆಯಲ್ಲೇ ಕೂತು ಸಾಗ್ ಸೊಪ್ಪು ಸೋಸಬೇಕು. ಹುಡುಗಿ ಓದಲು ಕೆನಡಾಕ್ಕೆ ಹೋಗುತ್ತಾಳೆ, ಖರ್ಚು ಗಂಡಿನ ಕಡೆಯದು. ಓದುವವಳ ಗಂಡ ಎಂಬ ಹೆಸರಿನಲ್ಲಿ ಕೆಲಸದ ಪರವಾನಗಿ ಹಿಡಿದು ಹುಡುಗ ಹಿಂದೆಯೇ ಹಾರುತ್ತಾನೆ. ಆದರೆ ಇವರು ನಿಜವಾಗಿ ಗಂಡ ಹೆಂಡಿರೇ ಎಂದು ಅಲ್ಲಿಯವರಿಗೆ ಗೊತ್ತಾಗಬೇಡವೇ? ಅದಕ್ಕೆ ಬೇಕು ಅರ್ಜಿಯ ಜೊತೆ ಇಡುವ ಫೈಲ್ ಫೋಟೋ.

ಫೈಲ್ ಫೋಟೋದಲ್ಲಿ ನಛತ್ತರನನ್ನು ಮೀರಿಸುವವರು ಇರಲಿಲ್ಲ. ಒಂದೇ ದಿನದಲ್ಲಿ ವರ್ಷದ ಸಂಸಾರ ಮಾಡಿಸಿ ಮುಗಿಸುತ್ತಿದ್ದ. ಬೆಳಿಗ್ಗೆ ಗುರುದ್ವಾರ, ಆಮೇಲೆ ಸೇತುವೆ, ಮಧ್ಯಾಹ್ನ ಐಸ್‌ಕ್ರೀಂ ಅಂಗಡಿ. ಜೂನ್ ತಿಂಗಳ ಧಗೆಯಲ್ಲಿ ಸ್ವೆಟರ್ ತೊಡಿಸಿ, ಅಂಗಳದಲ್ಲಿ ಬೆಂಕಿ ಹಾಕಿಸಿ, ಜನವರಿಯ ಲೋಹ್ರಿ ಹಬ್ಬ ಆಚರಿಸಿಬಿಡುತ್ತಿದ್ದ. ಬೆವರು ಕಿತ್ತುಕೊಂಡು ಬಂದರೆ "ಒರೆಸ್ಕೊಳ್ಳಿ, ಚಳಿಗಾಲ ಇದು!" ಎಂದು ಗದರುತ್ತಿದ್ದ. ಸಂಪಾದನೆ ಈ ಹುಡುಗರಿಂದಲೇ, ಬೈಗುಳವೂ ಇವರಿಗೇ. "ಹೆಂಡ್ತಿ ಚುನ್ನಿ ಸೆರಗು ಹಿಡ್ಕೊಂಡು ಸಮುದ್ರ ದಾಟೋ ಇವನೂ ಒಬ್ಬ ಗಂಡಸಾ?" ಎಂದು ಚಹಾದಂಗಡಿಯಲ್ಲಿ ಕೂತು ನಗುತ್ತಿದ್ದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದು ಹೀಗೆ.

ಅವನ ಹೆಂಡತಿ ಶಿಂದರ್ ಕೌರ್ ಊರಿನ ನರ್ಸಿಂಗ್ ಹೋಮಿನಲ್ಲಿ ನರ್ಸ್. ಮಕ್ಕಳಿರಲಿಲ್ಲ, ಮನೆ ತುಂಬ ಜಗಳವಿತ್ತು. ಅವಳಿಗೆ ಕೆನಡಾದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊರಡುವ ದಿನವೂ ಜಗಳ, ಉಪ್ಪಿನಕಾಯಿ ಡಬ್ಬಿಯ ಮುಚ್ಚಳದ ಮೇಲೆ. "ಹೋಗು, ಮನೆ ತಣ್ಣಗಿರುತ್ತೆ" ಅಂದ ನಛತ್ತರ್. ಹೋದಳು. ಮನೆ ತಣ್ಣಗಾಯಿತು. ಎಷ್ಟು ತಣ್ಣಗಾಯಿತೆಂದರೆ, ಒಲೆ ಹೊತ್ತದ ಆ ಮನೆಯಲ್ಲಿ ಅವನ ಸಿಟ್ಟಿಗೆ ಉತ್ತರ ಕೊಡುವವರೇ ಇಲ್ಲದೆ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಗೋಡೆಯ ಗಡಿಯಾರವನ್ನು ಬೈಯುವ ಸ್ಥಿತಿಗೆ ಬಂದ. ಢಾಬಾದ ದಾಲ್ ತಿಂದು ಹೊಟ್ಟೆ ಕೆಟ್ಟಿತು. ಕೊನೆಗೆ ಒಂದು ಸಂಜೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ವೀಸಾ ಏಜೆಂಟ್ ಲವ್ಲಿಯ ಅಂಗಡಿಯ ಮೆಟ್ಟಿಲು ಹತ್ತಿದ.

ಲವ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾ ನಛತ್ತರ್ ಭಾಯೀ! ಚುನ್ನಿ ಸಿಕ್ಕಿತಾ ಹಿಡ್ಕೊಳ್ಳೋಕೆ?"

"ನಕ್ಕಿದ್ದು ಸಾಕು. ಏನೇನು ಬೇಕು ಹೇಳು."

"ನಿನಗೇನಪ್ಪಾ, ಹೂವೆತ್ತಿದ ಹಾಗೆ. ಹೆಂಡ್ತಿಗೆ ಅಲ್ಲಿ ಕೆಲಸ ಇದೆ, ಅದರ ಮೇಲೆ ನಿನಗೂ ಪರವಾನಗಿ ಸಿಗುತ್ತೆ. ಆದ್ರೆ ನಿಮ್ಮ ಮದುವೆ ನೋಂದಣಿ ಆಗಿದ್ದು ಅವಳು ಹೊರಡೋಕೆ ಸ್ವಲ್ಪ ಮುಂಚೆಯಷ್ಟೇ, ಪಾಸ್‌ಪೋರ್ಟಿಗೆ ಅಂತ. ಕಣ್ಣಿಗೆ ಹೊಡೆಯುತ್ತೆ. ಇಬ್ರೂ ಒಟ್ಟಿಗಿರೋ ಹಳೇ ಫೋಟೋ ತಗೊಂಡು ಬಾ."

ನಛತ್ತರನ ಬಳಿ ಅಂಥದ್ದು ಒಂದೂ ಇರಲಿಲ್ಲ.

ಹೇಗಿದ್ದೀತು? ಬೇರೆಯವರ ಕೈಗೆ ಕ್ಯಾಮೆರಾ ಕೊಡುವ ಜಾತಿಯೇ ಅಲ್ಲ ಅವನು. ತನ್ನ ಮದುವೆಗೆ ಬಂದ ಫೋಟೋಗ್ರಾಫರ್ ಬೆಳಕಿಗೆ ಬೆನ್ನು ಹಾಕಲಿಲ್ಲವೆಂದು ಅವನನ್ನು ಊಟಕ್ಕೂ ನಿಲ್ಲಿಸದೆ ಓಡಿಸಿದ್ದ. ಗುರು ಗ್ರಂಥ ಸಾಹಿಬ್‌ಗೆ ನಾಲ್ಕು ಸುತ್ತು ಬರುವಾಗಲೂ ಮದುಮಗನ ಕೊರಳಲ್ಲಿ ಕ್ಯಾಮೆರಾ. "ಅದಕ್ಕೂ ಮದುವೆನಾ ಪುತ್ತರ್?" ಎಂದು ಮದುವೆ ಮಾಡಿಸುತ್ತಿದ್ದ ಗುರುದ್ವಾರದ ಗ್ರಂಥಿ ಕೇಳಿದ್ದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಶಿಂದರಳ ಫೋಟೋಗಳು ಟ್ರಂಕು ತುಂಬ ಇದ್ದವು. ಅವನದು ಒಂದೂ ಇಲ್ಲ.

ನೂರಾರು ಜನರಿಗೆ ಇಲ್ಲದ ಸಂಸಾರ ಕಟ್ಟಿಕೊಟ್ಟವನಿಗೆ ಇರುವ ಸಂಸಾರ ತೋರಿಸಲು ಗತಿಯಿಲ್ಲ! ಕಂಪ್ಯೂಟರಿನ ಮುಂದೆ ಕೂತ. ತನ್ನದೊಂದು ಚಿತ್ರ ತೆಗೆದು, ಗಡ್ಡ ಕಪ್ಪು ಮಾಡಿ, ಶಿಂದರಳ ಪಕ್ಕಕ್ಕೆ ಅಂಟಿಸಿ, ಹೆಗಲ ಮೇಲೆ ಕೈಯನ್ನೂ ಇಟ್ಟ. ಅಂಟಿದ ಗೆರೆ ಹುಡುಕಿದರೂ ಸಿಗದು. ಹೆಮ್ಮೆಯಿಂದ ಶಿಂದರಳಿಗೆ ಕಳಿಸಿದ.

ಮರುಗಳಿಗೆಗೇ ಫೋನು. "ಏನ್ರೀ, ಯಾರ್ರೀ ಇವನು ನನ್ನ ಹೆಗಲ ಮೇಲೆ ಕೈ ಹಾಕಿರೋನು?"

"ನಾನೇ ಕಣೇ!"

"ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಹಾಕಿದ್ರಾ? ಸಿಕ್ಕಿಬಿದ್ರೆ ಐದು ವರ್ಷ ಈ ಕಡೆ ತಲೆ ಹಾಕೋಕೂ ಬಿಡಲ್ಲ. ಸುಳ್ಳು ಫೋಟೋ ಕಳಿಸಿದ್ರೆ ನಾನೇ ಇಲ್ಲಿಂದ ಪೊಲೀಸ್ರಿಗೆ ಹೇಳ್ತೀನಿ. ಟ್ರಂಕಲ್ಲಿ ಇರೋದನ್ನ ಕಳಿಸಿ."

"ಅದ್ರಲ್ಲಿ ನಾನೇ ಇಲ್ವಲ್ಲೇ!"

"ನಾನಿದೀನಲ್ಲ. ಕಳಿಸಿ!"

ಅವಳ ಮಾತು ಮೀರುವ ಧೈರ್ಯ ಅವನಿಗೆ ಎದುರಿಗಿದ್ದಾಗಲೂ ಇರಲಿಲ್ಲ. ಕಳಿಸಿದ. ನೋಡಿದ ಅಧಿಕಾರಿಗಳು ತಲೆ ಕೆರೆದುಕೊಂಡರೋ ಏನೋ, ದೆಹಲಿಗೆ ಬಾ ಎಂದು ಬುಲಾವ್ ಬಂತು.

ದೆಹಲಿಯ ಕಚೇರಿಯ ಬಾಗಿಲಲ್ಲೇ ಜಶನ್ ಎದುರಾದ, ಸೇತುವೆಯ ಮೇಲಿನ ಅದೇ ಹುಡುಗ. ಮುಖ ಸುಟ್ಟ ಬದನೆಕಾಯಿ ಆಗಿತ್ತು.

"ಏನಾಯ್ತೋ?"

"ನಿಮ್ಮ ಫೋಟೋ ನೋಡಿ ತುಂಬ ಚೆನ್ನಾಗಿದೆ ಅಂದ್ರು ಚಾಚಾ. ಆಮೇಲೆ, ನಿಮ್ಮ ಹೆಂಡ್ತಿಗೆ ಏನು ಇಷ್ಟ ಅಂತ ಕೇಳಿದ್ರು. ನಾನು ಕೆನಡಾ ಅಂದ್ಬಿಟ್ಟೆ."

ಹುಡುಗನ ಪರವಾನಗಿ ಹೋಯಿತೆಂದು ನಛತ್ತರನಿಗೆ ತಿಳಿಯಿತು. ಅಷ್ಟು ಒಳ್ಳೆಯ ಫೋಟೋ ಇದ್ದವನ ಗತಿಯೇ ಹೀಗಾದರೆ?

ಒಳಗೆ ಅಧಿಕಾರಿ ಹೆಂಗಸು ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಅವಳು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಪಕ್ಕದಲ್ಲಿದ್ದ ಲುಧಿಯಾನದ ಹುಡುಗಿ ಪಂಜಾಬಿಯಲ್ಲಿ ಹೇಳಿದಳು.

"ಇದರಲ್ಲಿ ನೀವು ಎಲ್ಲಿದ್ದೀರಿ?"

"ಕ್ಯಾಮೆರಾ ಹಿಂದೆ."

"ಎಲ್ಲದರಲ್ಲೂ ಇವರು ಸಿಟ್ಟಾಗಿದ್ದಾರಲ್ಲ, ಯಾಕೆ?"

"ಯಾಕೆ ಅಂದ್ರೆ? ನನ್ನ ನೋಡ್ತಿದ್ದಾಳಲ್ಲ, ಅದಕ್ಕೆ!" ನಛತ್ತರನ ಸಿಟ್ಟು ಮೂಗಿನ ತುದಿಗೆ ಬಂತು. ಒಂದು ಫೋಟೋ ಎತ್ತಿಕೊಂಡ. "ನೋಡಿ, ಕೈಯಲ್ಲಿ ಇಕ್ಕಳ. ಸಿಲಿಂಡರ್ ತರೋಕೆ ಕಳಿಸಿದ್ಲು, ನಾನು ಫ್ಲ್ಯಾಶ್ ಕೊಂಡ್ಕೊಂಡು ಬಂದೆ. ಅದು ಬೆಳಗುತ್ತಾ ಇಲ್ವಾ ಅಂತ ನೋಡೋದು ಬೇಡ್ವಾ? ಇದು ಚಳಿಗಾಲದ್ದು. ರಾತ್ರಿಯಿಡೀ ರಜಾಯಿ ಎಳ್ಕೊಳ್ಳೋಳು ಇವಳು, ಬೆಳಿಗ್ಗೆ ನೆಗಡಿ ನನಗೆ, ಬೈಗುಳಾನೂ ನನಗೆ! ಏ ಶಿಂದರ್, ಹೇಳೇ, ಯಾರದೇ ತಪ್ಪು?" ಎಂದು ಫೋಟೋವನ್ನೇ ಗದರಿಸಿದ. ಲುಧಿಯಾನದ ಹುಡುಗಿ ನಡುವೆ ಬಂದ ಬೈಗುಳಗಳಿಗೆ ಇಂಗ್ಲಿಷ್ ಸಿಗದೆ ಕೆಮ್ಮಿದಳು.

ಅಧಿಕಾರಿ ಇನ್ನೊಂದು ಫೋಟೋ ಮುಂದೆ ತಳ್ಳಿದಳು. ಆಸ್ಪತ್ರೆಯ ಬೆಂಚು, ಶಿಂದರ್ ಒಬ್ಬಳೇ. "ಇದರಲ್ಲಿ ಸಿಟ್ಟಿಲ್ಲ."

ನಛತ್ತರ್ ಅದನ್ನು ಎತ್ತಿಕೊಳ್ಳಲಿಲ್ಲ. "ಮಕ್ಕಳಾಗಲ್ಲ ಅಂತ ಡಾಕ್ಟ್ರು ಹೇಳಿದ ದಿನ ಅದು. ಏನು ಹೇಳ್ಬೇಕೋ ತೋಚದೇ ಇದ್ರೆ ನಾನು ಕ್ಯಾಮೆರಾ ಎತ್ತೋದು. ಅವತ್ತೊಂದು ದಿನ ಅವಳು ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಲುಧಿಯಾನದ ಹುಡುಗಿ ಅದನ್ನು ಮೆಲ್ಲಗೆ ಹೇಳಿದಳು. ಅಧಿಕಾರಿ ಫೋಟೋಗಳನ್ನು ಒಟ್ಟು ಮಾಡಿ, ಅಂಚು ಸರಿಮಾಡಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು.

ಪರವಾನಗಿ ಬಂತು. ಸುದ್ದಿ ಹರಡಲು ಎಷ್ಟು ಹೊತ್ತು? ಮರುವಾರವೇ ಲವ್ಲಿ ಮೂರು ಜೋಡಿಗಳನ್ನು ಹಿಡಿದುಕೊಂಡು ಸ್ಟುಡಿಯೋಗೆ ಬಂದ.

"ಭಾಯೀ, ಇನ್ಮೇಲೆ ನಗೋ ಫೋಟೋ ಬೇಡ. ಎಲ್ಲರಿಗೂ ಜಗಳದ್ದೇ ಬೇಕು. ಇಕ್ಕಳ ನಾನೇ ತಂದಿದೀನಿ."

ಕಾಲುವೆ ಸೇತುವೆಯ ಮೇಲೆ ಹೊಸ ದಂಪತಿಗಳು ಸಾಲಾಗಿ ನಿಂತು ಪರಸ್ಪರ ಬೆರಳು ತೋರಿಸಿದರು. ಒಬ್ಬಳು ಇಕ್ಕಳ ಎತ್ತಿ, "ಪ್ಲೀಸ್, ನೀವು ತುಂಬ ಕೆಟ್ಟವರು" ಅಂದಳು. ಗಂಡ "ಥ್ಯಾಂಕ್ಯೂ" ಅಂದ.

ನಛತ್ತರ್ ಕ್ಯಾಮೆರಾ ಕೆಳಗಿಳಿಸಿದ. "ಮನೆಗೆ ಹೋಗ್ರೋ! ಪ್ರೀತಿನಾದ್ರೆ ಒಂದು ದಿನದಲ್ಲಿ ಮಾಡಿಸಬಲ್ಲೆ. ಜಗಳಕ್ಕೆ ಇಪ್ಪತ್ತು ವರ್ಷ ಬೇಕು. ಅದು ನನ್ನ ಕೈಲಾಗಲ್ಲ."

ಕೆನಡಾದಲ್ಲಿ ನಛತ್ತರ್ ವಿಮಾನ ಇಳಿದು ಹೊರಬಂದಾಗ ಶಿಂದರ್ ದಪ್ಪ ಕೋಟಿನಲ್ಲಿ ಗುರುತೇ ಸಿಗದಂತೆ ನಿಂತಿದ್ದಳು. ಹಾದಿಹೋಕ ಬಿಳಿಯನೊಬ್ಬನ ಕೈಗೆ ತನ್ನ ಫೋನು ಕೊಟ್ಟು, ಇಬ್ಬರದೂ ಒಂದು ಫೋಟೋ ತೆಗೆಯಲು ಸನ್ನೆ ಮಾಡಿದಳು. ನಛತ್ತರನ ಹೆಗಲು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಅವನ ಕೈ ಅವಳ ಹೆಗಲವರೆಗೂ ಹೋಯಿತು. ಅಷ್ಟರಲ್ಲಿ ಆ ಮನುಷ್ಯ ಬೆಳಕಿಗೆ ಬೆನ್ನು ಹಾಕದೆ, ಅದರ ಕಡೆಗೇ ಮುಖ ಮಾಡಿ ನಿಂತಿರುವುದು ನಛತ್ತರನ ಕಣ್ಣಿಗೆ ಬಿತ್ತು.

ಶಿಂದರ್ ಆ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ. ಅರ್ಧ ಚೌಕಟ್ಟಿನ ಹೊರಗೆ ನುಗ್ಗಿರುವ ನಛತ್ತರ್ ಬೆರಳು ತೋರಿಸಿ ಯಾರಿಗೋ ಬೈಯುತ್ತಿದ್ದಾನೆ. ಅವನ ಕೋಟಿನ ಬಾಲ ಹಿಡಿದೆಳೆಯುತ್ತ ಶಿಂದರ್ ಅವನಿಗೆ ಬೈಯುತ್ತಿದ್ದಾಳೆ.